ಬಾಣಂತನಕ್ಕೆ ಯಾವ ಮನೆ?

ಓದುಗರ ಪ್ರಶ್ನೆ, ಬಳಗದ ಉತ್ತರ

ಗರ್ಭಿಣಿ ತಪಾಸಣೆಯಲ್ಲಿ ತೂಕ, ಬಿ.ಪಿ., ರಕ್ತ, ಮೂತ್ರ ನೋಡುವುದು ಎಲ್ಲರಿಗೂ ಗೊತ್ತು. ಈಗ ಕೆಲವು ಕಡೆ ಅದರ ಜೊತೆಗೆ ಇನ್ನೊಂದು ಮಾತೂ ಬರುತ್ತಿದೆ: ‘ಚಿಕ್ಕಂದಿನಲ್ಲಿ ನಿಮ್ಮ ಮನೆ ಹೇಗಿತ್ತು?’ ಈ ಪ್ರಶ್ನೆ ಯಾಕೆ, ಕೇಳುವವರು ಹೇಗೆ ಕೇಳಬೇಕು, ಉತ್ತರಿಸುವವರು ಎಷ್ಟು ಹೇಳಬೇಕು ಎಂದು ಓದುಗರು ಬರೆದಿದ್ದಾರೆ. ಆರು ಪತ್ರಗಳನ್ನು ಆರಿಸಿಕೊಂಡಿದ್ದೇವೆ. ಗುರುತು ಸಿಗಬಾರದೆಂದು ಹೆಸರು, ಊರು ಬಿಟ್ಟಿದ್ದೇವೆ. ಉತ್ತರ ನಮ್ಮ ತಾಯಿ–ಮಗು ಆರೋಗ್ಯ ಬಳಗದ್ದು.

ಪ್ರಶ್ನೆ: ನನಗೀಗ ಆರು ತಿಂಗಳು. ಹೋದ ಸಲ ಸಿಸ್ಟರ್ ಬಾಲ್ಯದ ಬಗ್ಗೆ ಕೇಳಿದಾಗ ‘ಚೆನ್ನಾಗಿತ್ತು’ ಅಂದುಬಿಟ್ಟೆ. ನಿಜ ಹಾಗಿಲ್ಲ. ಒಂಬತ್ತು–ಹತ್ತು ವರ್ಷದವಳಿದ್ದಾಗ ತವರಿನ ಕಡೆಯ ಹತ್ತಿರದ ಸಂಬಂಧಿಯಿಂದ ಆಗಬಾರದ್ದು ಆಗಿದೆ. ಯಾರಿಗೂ ಹೇಳಿಲ್ಲ. ಒಳಪರೀಕ್ಷೆ ಅಂದರೆ ಮೈ ಕಲ್ಲಾಗುತ್ತದೆ. ಮುಂದಿನ ತಿಂಗಳು ಸೀಮಂತ ಮಾಡಿ ತವರಿಗೆ ಕರೆದುಕೊಂಡು ಹೋಗುತ್ತಾರೆ. ಆ ಮನುಷ್ಯ ಈಗಲೂ ಆ ಮನೆಗೆ ಬಂದು ಹೋಗುತ್ತಾನೆ. ನಾನು ಆಸ್ಪತ್ರೆಯಲ್ಲಿ ಎಲ್ಲವನ್ನೂ ಹೇಳಲೇಬೇಕೇ?

ಉತ್ತರ: ಹೇಳಲೇಬೇಕಿಲ್ಲ. ‘ಚೆನ್ನಾಗಿತ್ತು’ ಎಂದದ್ದರಲ್ಲಿ ತಪ್ಪೂ ಇಲ್ಲ. ಪರಿಚಯವಿಲ್ಲದವರು ದಿಢೀರನೆ ಕೇಳಿದರೆ ಯಾರ ಬಾಯಲ್ಲೂ ಬರುವ ಉತ್ತರ ಅದೇ. ಮುಂದಿನ ತಪಾಸಣೆಯಲ್ಲಿ ‘ಹೋದ ಸಲ ಕೇಳಿದ್ರಲ್ಲ ಸಿಸ್ಟರ್, ಅದರ ಬಗ್ಗೆ ಸ್ವಲ್ಪ ಹೇಳಬೇಕು’ ಅಂದರೆ ಮಾತು ಮತ್ತೆ ಶುರುವಾಗುತ್ತದೆ.

ಏನು ನಡೆಯಿತು, ಯಾರು, ಎಷ್ಟು ಸಲ ಎಂಬುದು ಹೆರಿಗೆ ಮಾಡಿಸುವವರಿಗೆ ಬೇಕಾಗಿಲ್ಲ. ಅವರಿಗೆ ಬೇಕಾದದ್ದು ಎರಡೇ. ಯಾವುದರಿಂದ ನಿಮ್ಮ ಮೈ ಕಲ್ಲಾಗುತ್ತದೆ? ಏನು ಮಾಡಿದರೆ ಸಡಿಲಾಗುತ್ತದೆ? ಇಷ್ಟು ಹೇಳಿದರೆ ಸಾಕು: ‘ಚಿಕ್ಕಂದಿನಲ್ಲಿ ನನಗೆ ಕೆಟ್ಟ ಅನುಭವ ಆಗಿದೆ. ವಿವರ ಹೇಳೋಕೆ ಇಷ್ಟ ಇಲ್ಲ. ಒಳಪರೀಕ್ಷೆ ಅಂದ್ರೆ ತುಂಬಾ ಭಯ ಆಗುತ್ತೆ. ಮುಟ್ಟೋ ಮುಂಚೆ ಹೇಳಿ, ನಾನು ಕೈ ಎತ್ತಿದ್ರೆ ನಿಲ್ಲಿಸಿ.’ ಬಾಯಿ ಬಿಟ್ಟು ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಕೈಗೆ ಕೊಡಿ.

ಮೈ ಕಲ್ಲಾಗುವುದು ನಿಮ್ಮ ಹಟವಲ್ಲ. ಅಪಾಯ ಬಂದಾಗ ದೇಹ ಓಡುತ್ತದೆ, ಇಲ್ಲವೇ ಎದುರಿಸುತ್ತದೆ. ಎರಡೂ ಆಗದ ಪುಟ್ಟ ಮಗುವಿಗೆ ಉಳಿಯುವ ದಾರಿ ಅಲುಗಾಡದೆ ಬಿದ್ದಿರುವುದು. ದೇಹ ಅದನ್ನು ಕಲಿತಿರುತ್ತದೆ. ಅಂಗಾತ ಮಲಗಿ, ಕಾಲು ಮಡಿಸಿ, ಮೇಲೆ ಇನ್ನೊಬ್ಬರು ಬಾಗಿ ನಿಂತಾಗ ಹಳೆಯ ಪಾಠವನ್ನೇ ಮತ್ತೆ ಒಪ್ಪಿಸುತ್ತದೆ. ಆಗ ‘ಮೈ ಸಡಿಲ ಬಿಡಮ್ಮ’ ಎಂದು ಗದರಿದರೆ ಇನ್ನಷ್ಟು ಬಿಗಿಯಾಗುತ್ತದೆ, ನೋವೂ ಹೆಚ್ಚುತ್ತದೆ. ಕೆಲವರು ಮಾತಿಲ್ಲದೆ ಸೂರನ್ನೇ ನೋಡುತ್ತಾ ಮಲಗಿಬಿಡುತ್ತಾರೆ. ‘ಎಷ್ಟು ಚೆನ್ನಾಗಿ ಸಹಕರಿಸಿದಳು’ ಎಂದು ಆಸ್ಪತ್ರೆಯವರು ಮೆಚ್ಚಿಕೊಳ್ಳುವುದು ಎಷ್ಟೋ ಸಲ ಈ ಮೌನವನ್ನೇ.

ಪರೀಕ್ಷೆಗೆ ಮೊದಲೇ ನೀವು ಕೇಳಿಕೊಳ್ಳಬಹುದಾದವು ಹೀಗಿವೆ. ಮೂತ್ರಕ್ಕೆ ಹೋಗಿ ಬಂದ ಮೇಲೆ ಪರೀಕ್ಷೆ ಆಗಲಿ. ಸೊಂಟದಿಂದ ಮೊಣಕಾಲಿನವರೆಗೆ ಹೊದಿಕೆ ಇರಲಿ. ಅಂಗಾತ ಬೇಡವೆನಿಸಿದರೆ ಎಡಮಗ್ಗುಲಿಗೆ ಮಲಗಿಯೂ ಪರೀಕ್ಷೆ ಮಾಡಲು ಬರುತ್ತದೆ, ಕೇಳಿ. ನೋಡುವವರು ಒಬ್ಬರೇ ಇರಲಿ, ವಿದ್ಯಾರ್ಥಿಗಳು ಬೇಡ ಎನ್ನುವ ಹಕ್ಕು ನಿಮಗಿದೆ. ಜೊತೆಗೆ ನಂಬಿಕೆಯ ಹೆಂಗಸೊಬ್ಬರನ್ನು ತಲೆಯ ಹತ್ತಿರ ನಿಲ್ಲಿಸಿಕೊಳ್ಳಿ. ನೋವು ಜೋರಾಗಿ ಬರತೊಡಗಿದ ಮೇಲೆ ಒಳಪರೀಕ್ಷೆ ನಾಲ್ಕು ಗಂಟೆಗೊಮ್ಮೆ ಸಾಕು ಎಂಬುದು 2018ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದಕ್ಕಿಂತ ಬೇಗ ಬೇಕಾದರೆ ಯಾಕೆಂದು ಹೇಳಲಿ. ಮಗುವಿನ ಎದೆಬಡಿತ ಇಳಿದಂಥ ತುರ್ತು ಬಂದರೆ ಕಾಯಲು ಸಮಯ ಇರುವುದಿಲ್ಲ. ಅಂಥ ಹೊತ್ತಿನಲ್ಲಿಯೂ ‘ಈಗ ತುರ್ತು ಇದೆ, ಏನು ಮಾಡ್ತಿದ್ದೀನಿ ಅಂತ ಹೇಳ್ತಾನೇ ಇರ್ತೀನಿ’ ಎಂದು ಮಾತಾಡುತ್ತಾ ಮಾಡುವಂತೆ ಮೊದಲೇ ಒಪ್ಪಿಸಿಕೊಳ್ಳಿ. ಸಿಸೇರಿಯನ್ ಆದರೆ ಇದೆಲ್ಲ ತಪ್ಪುತ್ತದೆ ಎಂದು ಕೆಲವರು ಅಂದುಕೊಳ್ಳುತ್ತಾರೆ. ಅಲ್ಲಿ ಬೆನ್ನಿಗೆ ಕೊಡುವ ಸೂಜಿಯಿಂದ ಕಾಲು ಮರಗಟ್ಟುತ್ತದೆ, ಕೈಗಳನ್ನು ಪಕ್ಕದ ಪಟ್ಟಿಗೆ ಕಟ್ಟುವುದೂ ಉಂಟು. ಅಲುಗಾಡಲಾಗದ ಆ ಸ್ಥಿತಿ ಕೆಲವರಿಗೆ ಒಳಪರೀಕ್ಷೆಗಿಂತ ಕಷ್ಟ. ಅರಿವಳಿಕೆ ವೈದ್ಯರಿಗೂ ಅದೇ ಚೀಟಿ ತೋರಿಸಿ, ಕೈ ಕಟ್ಟಬೇಡಿ ಎಂದು ಕೇಳಿ.

ನಮಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ನಿಮ್ಮ ಪತ್ರದ ಕೊನೆಯ ಮಾತು. ಹೆರಿಗೆ ಒಂದು ದಿನದ ಮಾತು, ಬಾಣಂತನ ಮೂರು ತಿಂಗಳಿನದು. ತವರು ಎಂದರೆ ತಂಪು ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದೇವೆ. ಆ ನಂಬಿಕೆಯಿಂದಲೇ, ಪೆಟ್ಟು ಬಿದ್ದ ಮನೆಗೇ ಹಸಿ ಬಾಣಂತಿಯನ್ನು ಕೂಸಿನ ಸಮೇತ ಕಳಿಸುತ್ತೇವೆ. ನೀವು ಹೋಗಲೇಬೇಕೆಂದಿಲ್ಲ. ತಾಯಿಯೇ ಗಂಡನ ಮನೆಗೆ ಬಂದು ಬಾಣಂತನ ಮಾಡುವುದು, ಅಕ್ಕನ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಮಾಡುವುದು ಈಗ ಎಷ್ಟೋ ಕಡೆ ನಡೆದಿದೆ. ಕಾರಣ ಹೇಳಬೇಕಾದರೆ ‘ತಪಾಸಣೆ ಆದ ಕಡೆಯೇ ಹೆರಿಗೆ ಆದರೆ ಒಳ್ಳೇದಂತೆ’ ಎನ್ನಿ. ಅದು ಸುಳ್ಳಲ್ಲ, ದಾಖಲೆ ಇರುವ ಆಸ್ಪತ್ರೆಯಲ್ಲಿ ಹೆರಿಗೆ ಆಗುವುದು ನಿಜಕ್ಕೂ ಒಳ್ಳೆಯದು. ಈ ಮಾತನ್ನು ಮನೆಯವರ ಮುಂದೆ ವೈದ್ಯರ ಬಾಯಲ್ಲೇ ಹೇಳಿಸಿ.

ಹೋಗುವುದು ತಪ್ಪದಿದ್ದರೆ ಒಳಗಿನಿಂದ ಚಿಲಕ ಬೀಳುವ ಕೋಣೆ ಬೇಕು. ರಾತ್ರಿ ನಿಮ್ಮ ಪಕ್ಕ ಮಲಗುವ ಹೆಂಗಸು ಯಾರೆಂದು ಮೊದಲೇ ಗೊತ್ತಾಗಿರಲಿ. ಆ ಮನುಷ್ಯ ಬಂದ ದಿನ ನೀವು ಯಾರಿಗೆ ಫೋನ್ ಮಾಡುತ್ತೀರಿ, ಅವರು ಎಷ್ಟು ಹೊತ್ತಿನಲ್ಲಿ ಬರಬಲ್ಲರು ಎಂಬುದೂ ತೀರ್ಮಾನ ಆಗಿರಲಿ. ಮಗುವನ್ನು ಅವನ ಕೈಗೆ ಕೊಡಬೇಡಿ. ಯಾರಾದರೂ ‘ಯಾಕೆ’ ಅಂದರೆ ‘ಈಗಷ್ಟೇ ಮಲಗಿದೆ’ ಎನ್ನಿ. ಸಾಧ್ಯವಾದರೆ ಮನೆಯಲ್ಲಿ ಒಬ್ಬರಿಗೆ, ಬರೀ ಒಬ್ಬರಿಗೆ, ‘ಅವನು ಇರೋ ಕಡೆ ನಾನು ಇರಲ್ಲ’ ಎಂಬಷ್ಟನ್ನು ಹೇಳಿಡಿ.

ನಿದ್ದೆ ಬರದಿದ್ದರೆ, ಹಳೆಯದು ಕಣ್ಣಮುಂದೆ ನಡೆದಂತೆ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ಹಗಲು–ರಾತ್ರಿ ಇರುತ್ತದೆ, ದುಡ್ಡಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಸಿಸ್ಟರ್ ಹತ್ತಿರ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ–ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ವಿಭಾಗ 2009ರಿಂದ ಇದೆ. ಸಾಯಬೇಕು ಎಂಬ ಯೋಚನೆ ಬಂದರೆ ಮಾತ್ರ ಮುಂದಿನ ಮಂಗಳವಾರದವರೆಗೆ ಕಾಯಬೇಡಿ, ಅವತ್ತೇ ಹೇಳಿ.

ಪ್ರಶ್ನೆ: ನಾನು ಆರೋಗ್ಯ ಉಪಕೇಂದ್ರದ ಎ.ಎನ್.ಎಂ. (ಸಹಾಯಕ ನರ್ಸ್). ಒಂದು ತರಬೇತಿಯಲ್ಲಿ ಗರ್ಭಿಣಿಯರ ಬಾಲ್ಯದ ಕಷ್ಟಗಳ ಬಗ್ಗೆ ವಿಚಾರಿಸಿ ಎಂದರು. ಹೇಗೆ ಎಂದು ಹೇಳಲಿಲ್ಲ. ನಮಗೆ ಒಬ್ಬೊಬ್ಬರಿಗೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. ಕೇಳಿ ಅಳಿಸಿ ಕಳಿಸಿದ ಹಾಗೆ ಆಗುವುದಿಲ್ಲವೇ?

ಉತ್ತರ: ನಿಮ್ಮ ಅಂಜಿಕೆ ಸರಿಯಾಗಿಯೇ ಇದೆ. ಮುಂದೆ ಏನು ಮಾಡಬೇಕೆಂದು ಗೊತ್ತಿಲ್ಲದಿದ್ದರೆ ಕೇಳದಿರುವುದೇ ಮೇಲು. ಹಾಗಾಗಿ ಮೊದಲ ಕೆಲಸ ಕಾಗದದ ಮೇಲೆ ಮಾಡಿ: ನಿಮ್ಮ ವೈದ್ಯಾಧಿಕಾರಿ, ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕರು, ಮನೋಚೈತನ್ಯ ಕ್ಲಿನಿಕ್‌ನ ದಿನ, 14416, ಮಹಿಳಾ ಸಹಾಯವಾಣಿ 181, ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರ. ಇಷ್ಟೂ ಒಂದು ಹಾಳೆಯಲ್ಲಿ ಬರೆದು ಮೇಜಿನ ಡ್ರಾಯರ್‌ನಲ್ಲಿಡಿ. ಆ ಹಾಳೆ ತುಂಬಿದ ಮೇಲೆ ಪ್ರಶ್ನೆ.

ಅತ್ತೆಯನ್ನು ಹೊರಗೆ ಕಳಿಸುವುದು ಒಬ್ಬಳಿಗಾಗಿ ಮಾಡಿದರೆ ಅನುಮಾನ ಹುಟ್ಟುತ್ತದೆ. ಎಲ್ಲರಿಗೂ ಒಂದೇ ನಿಯಮ ಮಾಡಿ. ‘ಪರೀಕ್ಷೆ ಕೋಣೆಗೆ ಗರ್ಭಿಣಿ ಒಬ್ಬರೇ’ ಎಂದು ಬಾಗಿಲಿಗೆ ಬರೆದು ಅಂಟಿಸಿ. ಹೊಟ್ಟೆ ಮುಟ್ಟಿ ನೋಡಲು ಹೇಗೂ ಒಳಗೆ ಕರೆಯುತ್ತೀರಿ, ಅದೇ ಸಮಯ. ಆದರೆ ಮಂಚದ ಮೇಲೆ ಮಲಗಿರುವಾಗ ಕೇಳಬೇಡಿ. ಎದ್ದು, ಸೀರೆ ಸರಿಮಾಡಿಕೊಂಡು, ಕುರ್ಚಿಯಲ್ಲಿ ಕೂತ ಮೇಲೆ, ನೀವೂ ಅವಳ ಎದುರಿಗೆ ಅಲ್ಲದೆ ಸ್ವಲ್ಪ ಪಕ್ಕಕ್ಕೆ ಕೂತು ಕೇಳಿ. ಕೈಯಲ್ಲಿ ರಿಜಿಸ್ಟರ್ ಇರಬಾರದು. ಪೆನ್ನು ಹಿಡಿದವರ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಯಾವಾಗ? ಹನ್ನೆರಡು ವಾರದೊಳಗಿನ ನೋಂದಣಿಯ ದಿನ ಬೇಡ. ಅವತ್ತು ‘ಮುಂದಿನ ಸಲ ನಿಮ್ಮ ಮನೆ, ಮನಸ್ಸಿನ ಬಗ್ಗೆಯೂ ಎರಡು ಮಾತು ಕೇಳ್ತೀನಿ, ಎಲ್ಲರಿಗೂ ಕೇಳ್ತೀವಿ, ಇಷ್ಟ ಇದ್ರೆ ಹೇಳಿ’ ಎಂದಷ್ಟೇ ತಿಳಿಸಿ. 14ರಿಂದ 26 ವಾರದ ನಡುವಿನ ಎರಡನೇ ತಪಾಸಣೆ ಸರಿಯಾದ ಹೊತ್ತು. 28ರಿಂದ 34 ವಾರದ ಮೂರನೆಯದರಲ್ಲಿ ಹೆರಿಗೆಯ ಏರ್ಪಾಡು ಮಾತಾಡುವಾಗ ಇನ್ನೊಮ್ಮೆ ಅವಕಾಶ ಕೊಡಿ. 36 ವಾರ ದಾಟಿದ ಮೇಲೆ ಹೊಸದಾಗಿ ಕೆದಕಬೇಡಿ, ಅವಳೇ ಎತ್ತಿದರೆ ಮಾತ್ರ ಕೇಳಿಸಿಕೊಳ್ಳಿ. ನೋವು ಬರುತ್ತಿರುವಾಗ ಅಂತೂ ಕೂಡದು. ಪ್ರತಿ ತಿಂಗಳು 9ರಂದು ಗರ್ಭಿಣಿಯರ ಉಚಿತ ತಪಾಸಣೆಗೆ ನಡೆಯುವ ಮಾತೃತ್ವ ಅಭಿಯಾನದ ನೂಕುನುಗ್ಗಲಲ್ಲಿ ಇದು ಸಾಧ್ಯವಿಲ್ಲ, ಆ ದಿನ ಬಿಟ್ಟುಬಿಡಿ.

ಮಾತು ಶುರುಮಾಡಲು ನಮ್ಮ ಕಡೆ ಅತ್ಯಂತ ಸಹಜವಾದ ಪ್ರಶ್ನೆ ಒಂದಿದೆ: ‘ಬಾಣಂತನಕ್ಕೆ ಎಲ್ಲಿಗೆ ಹೋಗ್ತೀರಿ?’ ಉತ್ತರ ಬಂದ ಮೇಲೆ ‘ಅಲ್ಲಿ ನಿಮಗೆ ನೆಮ್ಮದಿ ಇರುತ್ತಾ?’ ಎಂದು ಕೇಳಿ. ಮುಖ ನೋಡಿ. ತಡವರಿಸಿದರೆ, ಸೆರಗಿನ ತುದಿ ಸುತ್ತತೊಡಗಿದರೆ, ‘ಹೂಂ’ ಎಂದು ನೆಲ ನೋಡಿದರೆ ನಿಲ್ಲಿ. ಆಮೇಲೆ, ‘ಚಿಕ್ಕವರಿದ್ದಾಗ ಹೆದರಿಕೆ ಆದ್ರೆ ಯಾರ ಹತ್ತಿರ ಹೋಗ್ತಿದ್ರಿ?’ ಎನ್ನಿ. ಈ ಪ್ರಶ್ನೆ ಎರಡು ಕೆಲಸ ಮಾಡುತ್ತದೆ. ಅಜ್ಜಿ, ಟೀಚರ್, ಪಕ್ಕದ ಮನೆಯ ಅಕ್ಕ ಎಂದು ಯಾರದಾದರೂ ಹೆಸರು ಬಂದರೆ ಅವಳಿಗೆ ಸಿಕ್ಕಿದ್ದ ಆಸರೆ ಗೊತ್ತಾಗುತ್ತದೆ. ‘ಯಾರೂ ಇರ್ಲಿಲ್ಲ’ ಎಂದರೆ ಉಳಿದದ್ದೂ ಗೊತ್ತಾಗುತ್ತದೆ. ಕೊನೆಗೆ ನೇರವಾಗಿ: ‘ಕೆಲವರಿಗೆ ಬಾಲ್ಯದಲ್ಲಿ ಹೊಡೆತ, ಕುಡಿತ, ಜಗಳ, ಬೇಡದ ರೀತಿ ಮುಟ್ಟೋದು ಆಗಿರುತ್ತೆ. ಬಸಿರಿನಲ್ಲಿ ಅದು ನೆನಪಾಗಿ ಕಷ್ಟ ಆಗಬಹುದು. ನಿಮಗೆ ಹಾಗೇನಾದ್ರೂ ಇದೆಯಾ? ಹೇಳಲೇಬೇಕು ಅಂತಿಲ್ಲ.’ ಆಮೇಲೆ ಸುಮ್ಮನಿರಿ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಎಷ್ಟೋ ಸಲ ಉತ್ತರ ಏಳು, ಎಂಟರ ಹೊತ್ತಿಗೆ ಬರುತ್ತದೆ. ಕೇಳಿದವರು ಮೂರಕ್ಕೇ ಬೇರೆ ಮಾತು ತೆಗೆದಿರುತ್ತಾರೆ.

ಹೆಂಗಸರು ‘ದೌರ್ಜನ್ಯ’ ಎಂಬ ಪದ ಬಳಸುವುದಿಲ್ಲ. ‘ಅಪ್ಪ ಸರಿ ಇರ್ಲಿಲ್ಲ’, ‘ಆ ಮನೇಲಿ ನಂಗೆ ನಿದ್ದೆ ಬರಲ್ಲ’, ‘ಅವನನ್ನ ಕಂಡ್ರೆ ಎದೆ ಝಲ್ ಅನ್ನುತ್ತೆ’ ಎನ್ನುತ್ತಾರೆ. ಇದನ್ನು ಕೇಳಿಸಿಕೊಳ್ಳಲು ಕಿವಿ ಬೇಕು. ವಿವರ ಕೆದಕಬೇಡಿ. ‘ಆಗಲೇ ಯಾಕೆ ಹೇಳಲಿಲ್ಲ?’, ‘ಗಂಡನಿಗೆ ಗೊತ್ತಾ?’, ‘ಹೋಗ್ಲಿ ಬಿಡಮ್ಮ, ಹಳೇದು’ ಈ ಮೂರೂ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. ಮೊದಲನೆಯದು ಅವಳನ್ನೇ ತಪ್ಪಿತಸ್ಥೆ ಮಾಡುತ್ತದೆ, ಎರಡನೆಯದು ಹೆದರಿಸುತ್ತದೆ, ಮೂರನೆಯದು ಬಾಯಿ ಮುಚ್ಚಿಸುತ್ತದೆ. ‘ಹೇಳಿದ್ದು ಒಳ್ಳೇದಾಯ್ತು. ಇದರಲ್ಲಿ ನಿಮ್ಮ ತಪ್ಪಿಲ್ಲ. ಈಗ ನಿಮಗೆ ಏನು ಸುಲಭ ಆಗುತ್ತೆ ನೋಡೋಣ’ ಎಂದರೆ ಸಾಕು.

ಅತ್ತರೆ ಅಳಲಿ, ನೀರು ಕೊಡಿ. ಕಣ್ಣು ಎಲ್ಲೋ ನೆಟ್ಟು ಮಾತು ನಿಂತುಹೋದರೆ ಮುಟ್ಟಿ ಅಲ್ಲಾಡಿಸಬೇಡಿ. ಹೆಸರು ಹಿಡಿದು ಕರೆದು, ಎರಡೂ ಪಾದ ನೆಲಕ್ಕೆ ಊರಲು ಹೇಳಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ. ಮುಖ ತೊಳೆದುಕೊಳ್ಳಲು ಬಿಟ್ಟು ಬಿ.ಪಿ. ಇನ್ನೊಮ್ಮೆ ನೋಡಿ. ‘ಯಾಕಿಷ್ಟು ಹೊತ್ತು?’ ಎಂದು ಹೊರಗೆ ಅತ್ತೆ ಕೇಳಿದರೆ ‘ಬಿ.ಪಿ. ಎರಡು ಸಲ ನೋಡಿದ್ರು’ ಎಂದು ನಿಜವನ್ನೇ ಹೇಳಬಹುದು.

ಬರೆದಿಡುವ ವಿಷಯದಲ್ಲಿ ನಾವು ಗಟ್ಟಿಯಾಗಿ ಹೇಳುತ್ತೇವೆ: ತಾಯಿ ಕಾರ್ಡ್‌ನಲ್ಲಿ ಒಂದಕ್ಷರವೂ ಬೇಡ. ಆ ಕಾರ್ಡ್ ಗಂಡ, ಅತ್ತೆ, ಅಂಗನವಾಡಿ, ಆಟೋದವನವರೆಗೆ ಎಲ್ಲರ ಕೈಗೂ ಹೋಗುತ್ತದೆ. ಅಲ್ಲಿ ‘ಮುಟ್ಟುವ ಮುನ್ನ ತಿಳಿಸಿ, ಮಹಿಳಾ ಸಿಬ್ಬಂದಿ, ಜೊತೆಗಾರ್ತಿ ಬೇಕು’ ಎಂಬ ಬೇಡಿಕೆ ಮಾತ್ರ ಇರಲಿ. ಕಾರಣ ಬೇಡ. ಹೆರಿಗೆ ಆಸ್ಪತ್ರೆಗೆ ತಿಳಿಸಬೇಕಾದದ್ದನ್ನು ಅವಳ ಒಪ್ಪಿಗೆ ಕೇಳಿ, ವೈದ್ಯರಿಂದ ವೈದ್ಯರಿಗೆ ತಿಳಿಸಿ.

ಆಶಾ ಕಾರ್ಯಕರ್ತೆಯರಿಗೆ ಈ ಪ್ರಶ್ನೆ ಹೊರಿಸಬಾರದು ಎಂಬುದು ನಮ್ಮ ಅಭಿಪ್ರಾಯ. ಅವರು ಅದೇ ಊರಿನವರು, ಕೆಲವು ಸಲ ಅದೇ ಮನೆತನದವರು. ಹೇಳಿಕೊಂಡ ಹೆಂಗಸಿಗೆ ಆಮೇಲೆ ಬೀದಿಯಲ್ಲಿ ಅವರ ಮುಖ ನೋಡುವುದೇ ಹಿಂಸೆಯಾಗುತ್ತದೆ. ಆದರೆ ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28, 42ನೇ ದಿನ ಮನೆಗೆ ಹೋಗುವವರು ಆಶಾ. ಬಾಣಂತಿ ತಿನ್ನುತ್ತಿಲ್ಲ, ಮಗುವನ್ನು ನೋಡುತ್ತಿಲ್ಲ, ಯಾರಿಗೋ ಅಂಜಿದಂತಿದ್ದಾಳೆ ಎಂದು ಮೊದಲು ಕಾಣುವುದು ಅವರಿಗೇ. ಕಂಡದ್ದನ್ನು ನಿಮಗೆ ತಿಳಿಸಲಿ, ಅಷ್ಟು ಸಾಕು.

ಖಿನ್ನತೆಯ ಅಳತೆಗೆ ಎಡಿನ್‌ಬರೋ ಪ್ರಶ್ನಾವಳಿಯ ಕನ್ನಡ ರೂಪ ಇದೆ. ಹತ್ತು ಪ್ರಶ್ನೆ, ಕಳೆದ ಏಳು ದಿನದ ಲೆಕ್ಕ, ಒಂದೊಂದಕ್ಕೆ 0ರಿಂದ 3, ಒಟ್ಟು 30. 13 ಅಥವಾ ಮೇಲಾದರೆ ವೈದ್ಯರಿಗೆ ಕಳಿಸಿ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ 0 ಬಿಟ್ಟು ಬೇರೆ ಏನೇ ಬಂದರೂ, ಒಟ್ಟು ಎಷ್ಟೇ ಕಡಿಮೆ ಇರಲಿ, ಅವಳನ್ನು ಒಬ್ಬಳೇ ಮನೆಗೆ ಕಳಿಸಬೇಡಿ.

ಪ್ರಶ್ನೆ: ಮೊಬೈಲ್‌ನಲ್ಲಿ ಬಾಲ್ಯದ ಕಹಿ ಅನುಭವಗಳ ಹತ್ತು ಪ್ರಶ್ನೆಯ ಪರೀಕ್ಷೆ ತೆಗೆದುಕೊಂಡೆ. ನನಗೆ 6 ಬಂತು. ನಾಲ್ಕು ದಾಟಿದರೆ ಆಯುಷ್ಯ, ಆರೋಗ್ಯಕ್ಕೆ ಅಪಾಯ ಎಂದಿತ್ತು. ಹೊಟ್ಟೆಯಲ್ಲಿರುವ ಮಗುವಿಗೂ ಇದು ಅಂಟುತ್ತದೆಯೇ?

ಉತ್ತರ: ಆ ಹತ್ತು ಪ್ರಶ್ನೆಗಳ ಮೂಲ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿದೆ. ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು 1995–97ರಲ್ಲಿ ಆರೋಗ್ಯ ವಿಮೆಯಿದ್ದ 17,000ಕ್ಕೂ ಹೆಚ್ಚು ವಯಸ್ಕರನ್ನು ಕೇಳಿ, 1998ರಲ್ಲಿ ಮೊದಲ ವರದಿ ಪ್ರಕಟಿಸಿದರು. ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ನಿರ್ಲಕ್ಷ್ಯ, ತಾಯಿಯ ಮೇಲೆ ಹಲ್ಲೆ, ಮನೆಯಲ್ಲಿ ಕುಡಿತ, ಮನೋರೋಗ, ಜೈಲು, ತಂದೆ–ತಾಯಿ ಬೇರೆಯಾದದ್ದು ಇವುಗಳ ಎಣಿಕೆ ಅದು. ನಾಲ್ಕು ಅಥವಾ ಹೆಚ್ಚು ಬಂದವರಲ್ಲಿ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ ಹಲವು ಪಟ್ಟು ಹೆಚ್ಚು ಕಂಡಿತು. ಇದು ದೊಡ್ಡ ಗುಂಪಿನ ಸರಾಸರಿ. ಒಬ್ಬಳ ಹಣೆಬರಹ ಓದುವ ಸಾಧನವಲ್ಲ. ಆಂಡಾ ಅವರೇ 2020ರಲ್ಲಿ, ಈ ಅಂಕವನ್ನು ಒಬ್ಬೊಬ್ಬ ವ್ಯಕ್ತಿಯ ಅಪಾಯ ಅಳೆಯಲು ಬಳಸಬೇಡಿ ಎಂದು ಎಚ್ಚರಿಸಿ ಬರೆದರು.

ಯಾಕೆಂದು ನೋಡಿ. ಒಂದು ಸಲ ಆದದ್ದಕ್ಕೂ ಹತ್ತು ವರ್ಷ ನಡೆದದ್ದಕ್ಕೂ ಅಲ್ಲಿ ಒಂದೇ ಅಂಕ. ನಾಲ್ಕು ವರ್ಷದಲ್ಲಿ ಆಯಿತೋ ಹದಿನಾಲ್ಕರಲ್ಲೋ ಲೆಕ್ಕಕ್ಕಿಲ್ಲ. ನಿಮ್ಮನ್ನು ಅಪ್ಪಿಕೊಂಡ ಅಜ್ಜಿಗೆ ಅಂಕ ಕಳೆಯುವ ಜಾಗ ಇಲ್ಲ. ಹಾಗೆಯೇ ಹಸಿವು, ಜಾತಿಯ ಅವಮಾನ, ಶಾಲೆ ಬಿಡಿಸಿ ಕೆಲಸಕ್ಕೆ ಹಾಕಿದ್ದು, ಹದಿನಾರಕ್ಕೆ ಮದುವೆ ಮಾಡಿದ್ದು ಆ ಪಟ್ಟಿಯಲ್ಲೇ ಇಲ್ಲ. ನಮ್ಮಲ್ಲಿ 0 ಬಂದವಳ ಬಾಲ್ಯವೂ ಬಲು ಕಠಿಣವಾಗಿರಬಹುದು. ಇದು ಅಪರೂಪವೂ ಅಲ್ಲ: ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ಮಾಡಿಸಿ 2007ರಲ್ಲಿ ಹೊರತಂದ ಅಧ್ಯಯನದಲ್ಲಿ ಮೂರರಲ್ಲಿ ಎರಡು ಮಕ್ಕಳು ಹೊಡೆತ ತಿಂದಿದ್ದರು. ಅರ್ಧಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದ್ದರು.

ಮಗುವಿಗೆ ‘ಅಂಟುವ’ ಮಾತು. ನಿಮ್ಮ ಬಾಲ್ಯ ನೇರವಾಗಿ ಹೊಟ್ಟೆಯೊಳಗೆ ಇಳಿಯುವುದಿಲ್ಲ. ಅದು ಇಳಿಯುವ ದಾರಿಗಳು ಇಂದಿನವು: ಚಿಕಿತ್ಸೆ ಇಲ್ಲದ ಖಿನ್ನತೆ, ನಿದ್ದೆಗೇಡು, ಹೊಗೆಸೊಪ್ಪು, ಈಗಲೂ ನಡೆಯುತ್ತಿರುವ ಹೊಡೆತ, ಹೆದರಿ ತಪ್ಪಿಸಿಕೊಂಡ ತಪಾಸಣೆಗಳು. ಇವೆಲ್ಲವನ್ನೂ ಈಗ ಸರಿಪಡಿಸಬಹುದು. ಆರು ಎಂಬ ಸಂಖ್ಯೆಯನ್ನು ಬಿಟ್ಟು, ಈ ದಾರಿಗಳಲ್ಲಿ ಯಾವುದು ನಿಮ್ಮ ಮನೆಯಲ್ಲಿ ತೆರೆದಿದೆ ನೋಡಿ, ಅದನ್ನು ವೈದ್ಯರಿಗೆ ಹೇಳಿ.

ಪ್ರಶ್ನೆ: ನನ್ನಪ್ಪ ಬೆಲ್ಟ್ ತೆಗೆದುಕೊಂಡು ಹೊಡೆಯುತ್ತಿದ್ದರು. ಈಗ ಹೆಂಡತಿಗೆ ಎಂಟು ತಿಂಗಳು. ಆಸ್ಪತ್ರೆಯಲ್ಲಿ ನನ್ನನ್ನು ಬಿಲ್ ಕಟ್ಟಲು ಮಾತ್ರ ಕರೆಯುತ್ತಾರೆ. ನನಗೂ ಸಿಟ್ಟು ಬೇಗ ಬರುತ್ತದೆ. ನಾನೂ ಹಾಗೆಯೇ ಆಗುತ್ತೇನೆಯೇ?

ಉತ್ತರ: ಹೊಡೆಸಿಕೊಂಡವರೆಲ್ಲ ಹೊಡೆಯುವವರಾಗುವುದಿಲ್ಲ. ಅಮೆರಿಕದ ಮಕ್ಕಳ ಮನೋವಿಶ್ಲೇಷಕಿ ಸೆಲ್ಮಾ ಫ್ರೈಬರ್ಗ್ ಮತ್ತು ಸಂಗಡಿಗರು 1975ರಲ್ಲೇ ಇದನ್ನು ಹತ್ತಿರದಿಂದ ನೋಡಿ ಬರೆದರು. ಪೆಟ್ಟು ನೆನಪಿದ್ದು, ಆ ಪೆಟ್ಟಿನ ಭಯ–ಅವಮಾನ ಮರೆತವರಲ್ಲಿ ಅದು ಮರುಕಳಿಸುವುದು ಹೆಚ್ಚು, ಆಗ ಎಷ್ಟು ನೊಂದೆ ಎಂದು ನೆನಪಿಟ್ಟವರು ತಮ್ಮ ಮಗುವನ್ನು ಕಾಯುತ್ತಾರೆ ಎಂದು ಅವರು ಕಂಡುಕೊಂಡರು. ‘ನಮ್ಮಪ್ಪ ಹೊಡೆದದ್ದಕ್ಕೇ ನಾನು ಉದ್ಧಾರ ಆದೆ’ ಎಂದು ನೀವು ಬರೆದಿಲ್ಲ. ಹಾಗೆಯೇ ಆಗಿಬಿಡುತ್ತೇನೋ ಎಂದು ಹೆದರಿ ಬರೆದಿದ್ದೀರಿ. ಅದು ಒಳ್ಳೆಯ ಸೂಚನೆ.

ಮುಂದೆ ಏನಾಗುತ್ತದೆ ತಿಳಿದಿರಲಿ. ಕೂಸಿನ ಅಳು ಎರಡನೇ ವಾರದಿಂದ ಏರುತ್ತದೆ, ಆರನೇ ವಾರದ ಹೊತ್ತಿಗೆ ಅತಿ ಹೆಚ್ಚು, ಮೂರು–ನಾಲ್ಕು ತಿಂಗಳಿಗೆ ಇಳಿಯುತ್ತದೆ. ಸಂಜೆ ಹೊತ್ತು ಕಾರಣವೇ ಇಲ್ಲದೆ ಗಂಟೆಗಟ್ಟಲೆ ಅಳಬಹುದು. ಅದು ನಿಮ್ಮ ಮೇಲಿನ ಹಟ ಅಲ್ಲ. ನಮ್ಮ ಪದ್ಧತಿಯಲ್ಲಿ ಈ ಕಾಲವೆಲ್ಲ ತವರಿನಲ್ಲೇ ಕಳೆದು, ಅಪ್ಪನಾದವನಿಗೆ ಮೂರನೇ ತಿಂಗಳಲ್ಲಿ ಮಗು ಹೊಸಬನಂತೆ ಮನೆಗೆ ಬರುತ್ತದೆ. ಹಾಗಾಗಲು ಬಿಡಬೇಡಿ. ವಾರಕ್ಕೊಮ್ಮೆಯಾದರೂ ಹೋಗಿ. ನೋಡಿ ಬರುವುದಲ್ಲ, ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಅಳುವಾಗ ಎತ್ತಿಕೊಂಡು ಓಡಾಡುವುದು ಮಾಡಿ. ಜೊತೆಗೆ ಇನ್ನೊಬ್ಬರಿರುವಾಗಲೇ ಅಳು ಅಭ್ಯಾಸವಾಗಲಿ.

ಸಿಟ್ಟು ಬರುವ ಮೊದಲು ನಿಮ್ಮ ಮೈ ಏನು ಮಾಡುತ್ತದೆ ಗುರುತಿಸಿಟ್ಟುಕೊಳ್ಳಿ: ದವಡೆ ಬಿಗಿಯುವುದೋ, ಕಿವಿ ಬಿಸಿಯಾಗುವುದೋ, ದನಿ ಏರುವುದೋ. ಆ ಗುರುತು ಕಂಡ ತಕ್ಷಣ ಮಗುವನ್ನು ಬೀಳದ ಕಡೆ, ಅಂಗಾತ ಮಲಗಿಸಿ, ಕೋಣೆಯಿಂದ ಹೊರಗೆ ಬನ್ನಿ. ಐದು–ಹತ್ತು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಸಿಟ್ಟಿನಲ್ಲಿ ಒಂದೇ ಸಲ ಜೋರಾಗಿ ಕುಲುಕಿದರೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು, ಜೀವವೇ ಹೋಗಬಹುದು. ಕುಡಿದ ರಾತ್ರಿ ಮಗು ಎತ್ತಿಕೊಳ್ಳುವುದೂ ಪಕ್ಕ ಮಲಗಿಸಿಕೊಳ್ಳುವುದೂ ಬೇಡ. ಈ ಏರ್ಪಾಡನ್ನು ಹೆಂಡತಿಗೆ ಈಗಲೇ ಹೇಳಿ, ‘ನಾನು ಎದ್ದು ಹೊರಗೆ ಹೋದ್ರೆ ಬೇಜಾರು ಮಾಡ್ಕೋಬೇಡ, ಅದಕ್ಕೇ ಹೋಗ್ತಿರೋದು’ ಅಂತ.

ಮುಂದಿನ ತಪಾಸಣೆಗೆ ಒಳಗೆ ಹೋಗಿ ವೈದ್ಯರಿಗೆ ನೀವೇ ಹೇಳಿ. ಹತ್ತು ಅಪ್ಪಂದಿರಲ್ಲಿ ಒಬ್ಬರಿಗೆ ಈ ಕಾಲದಲ್ಲಿ ಖಿನ್ನತೆ ಕಾಣುತ್ತದೆ, ಗಂಡಸರಲ್ಲಿ ಅದು ಅಳುವಾಗಿ ಅಲ್ಲ, ಸಿಡುಕಾಗಿ, ಕುಡಿತವಾಗಿ ಬರುವುದು ಹೆಚ್ಚು. 14416 ನಿಮಗೂ ಇದೆ.

ಪ್ರಶ್ನೆ: ಬಾಲ್ಯದಲ್ಲಿ ಆದದ್ದನ್ನು ವೈದ್ಯರಿಗೆ ಹೇಳಿದರೆ ಅವರು ಪೊಲೀಸರಿಗೆ ತಿಳಿಸಲೇಬೇಕಂತೆ. ಹೌದೇ?

ಉತ್ತರ: ಗರ್ಭಿಣಿಗೆ ಇನ್ನೂ 18 ಆಗಿಲ್ಲದಿದ್ದರೆ ಹೌದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ತಿಳಿದವರು ವರದಿ ಮಾಡಲೇಬೇಕು, ಮಾಡದಿದ್ದರೆ 21ನೇ ಕಲಂನಲ್ಲಿ ಶಿಕ್ಷೆ ಇದೆ. 18 ದಾಟಿದವರ ವಿಷಯದಲ್ಲಿ ಘಟನೆಯ ಕಾಲ ಮುಖ್ಯ. ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಅದಕ್ಕೂ ಹಿಂದಿನದಕ್ಕೆ ಅದು ಅನ್ವಯಿಸುವುದಿಲ್ಲ. ಆ ನಂತರದ್ದಾದರೆ, ಈಗ ನಿಮಗೆ ವಯಸ್ಸಾಗಿದೆ ಎಂಬ ಕಾರಣಕ್ಕೆ ವರದಿಯಿಂದ ವಿನಾಯಿತಿ ಎಂದು ಕಾಯ್ದೆಯಲ್ಲಿ ಬರೆದಿಲ್ಲ. ಹಾಗಾಗಿ ವಿವರಕ್ಕೆ ಇಳಿಯುವ ಮೊದಲೇ ‘ಇದರಲ್ಲಿ ಯಾವುದನ್ನು ನೀವು ಗುಟ್ಟಾಗಿ ಇಡಬಲ್ಲಿರಿ, ಯಾವುದನ್ನು ಆಗದು?’ ಎಂದು ಕೇಳಿ. ಕೇಳುವ ಸಿಬ್ಬಂದಿಯೂ ಅದನ್ನು ಮೊದಲೇ ಹೇಳಬೇಕು. ‘ಕೆಟ್ಟ ಅನುಭವ ಆಗಿದೆ, ನನಗೆ ಇದು ಬೇಕು’ ಎಂಬಷ್ಟರಿಂದಲೇ ಒಳ್ಳೆಯ ಆರೈಕೆ ಸಿಗುತ್ತದೆ. ದೂರು ಕೊಡುವ ಮನಸ್ಸಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತದೆ. ಅದರ ಸಹಾಯವಾಣಿ 15100. ದೂರನ್ನು ಬಾಣಂತನ ಮುಗಿಸಿಕೊಂಡೂ ಕೊಡಬಹುದು.

ಪ್ರಶ್ನೆ: ಮಗಳು ಬಾಣಂತನಕ್ಕೆ ಬಂದು ಇಪ್ಪತ್ತು ದಿನ. ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿಯ ಹತ್ತಿರ ತನ್ನ ಬಾಲ್ಯದ ಬಗ್ಗೆ ಹೇಳಿಕೊಂಡಿದ್ದಾಳೆ. ಇವಳಪ್ಪ ಕುಡಿದು ಬಂದು ನನ್ನನ್ನು ಹೊಡೆಯುತ್ತಿದ್ದದ್ದು ನಿಜ. ಆ ಸಂಕಟವನ್ನು ನಾನು ಮಕ್ಕಳ ಮೇಲೆ ತೀರಿಸಿಕೊಂಡದ್ದೂ ನಿಜ. ಅವರು ತೀರಿಹೋಗಿ ಎಂಟು ವರ್ಷ. ಈಗ ಮಗಳು ಎಣ್ಣೆ–ನೀರು ಹಾಕಲೂ ಕೂಸನ್ನು ನನ್ನ ಕೈಗೆ ಕೊಡುವುದಿಲ್ಲ. ನಾನೇನು ಮಾಡಲಿ?

ಉತ್ತರ: ಅಮ್ಮಾ, ‘ನಿಜ’ ಎಂದು ಎರಡು ಸಲ ಬರೆದಿದ್ದೀರಿ. ಮಗಳಿಗೆ ಬೇಕಿರುವುದು ಆ ಮಾತೇ. ನೀವೂ ಆಗ ಪೆಟ್ಟು ತಿನ್ನುತ್ತಿದ್ದಿರಿ, ನಿಮ್ಮ ಕಷ್ಟ ಕೇಳುವವರು ಯಾರೂ ಇರಲಿಲ್ಲ. ಆದರೂ ಮಗಳ ಮುಂದೆ ನಿಮ್ಮ ಕಷ್ಟದಿಂದ ಮಾತು ಶುರುಮಾಡಬೇಡಿ. ‘ನಾನೇನು ಕಮ್ಮಿ ಅನುಭವಿಸಿದ್ನಾ?’ ಎಂದರೆ ಅವಳು ಮತ್ತೆ ನಿಮ್ಮನ್ನು ಸಮಾಧಾನ ಮಾಡುವ ಮಗುವಾಗಬೇಕಾಗುತ್ತದೆ. ‘ನಾನು ನಿನಗೆ ಹೊಡೆದೆ. ಅದು ತಪ್ಪು. ನಿನ್ನ ತಪ್ಪಿಗೆ ಹೊಡೆದದ್ದಲ್ಲ’ ಎಂದು ಹೇಳಿ, ಅಲ್ಲಿಗೆ ನಿಲ್ಲಿಸಿ. ಅವಳು ಉತ್ತರ ಕೊಡದಿರಬಹುದು, ಎದ್ದು ಹೋಗಬಹುದು, ಸಿಟ್ಟಾಗಬಹುದು. ಕ್ಷಮಿಸು ಎಂದು ಒತ್ತಾಯ ಮಾಡಬೇಡಿ. ಅಕ್ಕಪಕ್ಕದವರ ಮುಂದೆ ‘ನೋಡಿ, ಕೂಸನ್ನೂ ಕೊಡಲ್ಲ’ ಎಂದು ಹೇಳುವುದನ್ನಂತೂ ಇವತ್ತೇ ನಿಲ್ಲಿಸಿ.

ಅವಳು ಮಗುವನ್ನು ಕೊಡದಿರುವುದು ನಿಮ್ಮ ಮೇಲಿನ ಸೇಡು ಎಂದುಕೊಳ್ಳಬೇಡಿ. ತನ್ನ ಕೂಸನ್ನು ಕಾಯಬೇಕೆಂಬ ಪ್ರಾಣಿಸಹಜ ಎಚ್ಚರ ಅದು, ಇಪ್ಪತ್ತು ದಿನದ ಬಾಣಂತಿಯಲ್ಲಿ ಎಲ್ಲರಿಗೂ ಇರುತ್ತದೆ, ಅವಳಿಗೆ ಸ್ವಲ್ಪ ಹೆಚ್ಚು. ಮೊದಲ ದಿನಗಳಲ್ಲಿ ಕೂಸಿನ ಬದಲು ಅವಳ ಆರೈಕೆ ಮಾಡಿ. ಹೊತ್ತಿಗೆ ಸರಿಯಾಗಿ ಊಟ, ರಾತ್ರಿ ಹಾಲು ಕುಡಿಸಲು ಎದ್ದಾಗ ಒಂದು ಲೋಟ ಬಿಸಿನೀರು, ಬಚ್ಚಲಿನ ಒಲೆ. ಅವಳ ಕೋಣೆಗೆ ಹೋಗುವಾಗ ಬಾಗಿಲಲ್ಲಿ ನಿಂತು ‘ಬರ್ಲಾ?’ ಎಂದು ಕೇಳಿ. ಈ ಒಂದು ಮಾತು ಅವಳಿಗೆ ಬಾಲ್ಯದಲ್ಲಿ ಸಿಕ್ಕಿರಲಿಕ್ಕಿಲ್ಲ. ಅವಳು ಊಟ ಬಿಟ್ಟರೆ, ಮಗುವಿನ ಮುಖವನ್ನೇ ನೋಡದಾದರೆ, ರಾತ್ರಿಯಿಡೀ ಎದ್ದೇ ಕೂತರೆ ಆಶಾಗೆ ಹೇಳಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಎಣ್ಣೆ–ನೀರಿನ ಹೊತ್ತಿಗೆ ಅವಳೇ ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಳ್ಳಲಿ, ನೀವು ಪಕ್ಕದಲ್ಲಿ ಚೊಂಬು ಹಿಡಿಯಿರಿ. ನೀರು ಸುಡುತ್ತದೆಯೋ ಇಲ್ಲವೋ ಅವಳ ಮೊಣಕೈಯಿಂದಲೇ ನೋಡಲಿ. ಕೂಸಿನ ಮೂಗು ಎಳೆಯುವುದು, ತಲೆ ಒತ್ತಿ ಗುಂಡಗೆ ಮಾಡುವುದು, ಜೋರಾಗಿ ತಿಕ್ಕುವುದು ಬೇಡ. ಹಳೆಯ ಪದ್ಧತಿ ಎಂದು ನೀವು ಮಾಡಹೋದರೆ ಅವಳಿಗೆ ಕಾಣುವುದು ಹಿಂದಿನ ಕೈ. ಅವಳು ‘ಸಾಕಮ್ಮ’ ಎಂದ ತಕ್ಷಣ ನಿಲ್ಲಿಸಿ, ‘ಇನ್ನೊಂದು ಚೊಂಬು’ ಎನ್ನಬೇಡಿ. ಒಂದು ವಾರವೋ ಎರಡು ವಾರವೋ ಆದ ಮೇಲೆ, ಒರೆಸಲು ಬಟ್ಟೆ ಬಿಡಿಸಿ ಹಿಡಿದಾಗ, ಅವಳೇ ಕೂಸನ್ನು ಅದರೊಳಗೆ ಇಡಬಹುದು. ಆಗ ಅವಳಿಗೆ ಕಾಣುವ ಹಾಗೆ ಅಲ್ಲೇ ಕೂತು ಒರೆಸಿ, ವಾಪಸ್ ಅವಳ ಮಡಿಲಿಗೆ ಕೊಡಿ.